ಎಂಡೋಸ್ಕೋಪಿ: ಜಠರದೊಳಗೊಂದು ಕಣ್ಣು

ಎದೆಯುರಿ, ಹುಳಿತೇಗು, ಊಟವಾದೊಡನೆ ಹೊಟ್ಟೆಯುಬ್ಬರ, ಮೇಲ್ಹೊಟ್ಟೆಯಲ್ಲಿ ನೋವು. ಇವೆಲ್ಲಕ್ಕೂ ನಾವಿಟ್ಟಿರುವ ಹೆಸರು ಒಂದೇ: ‘ಗ್ಯಾಸ್ಟ್ರಿಕ್’. ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗಿದರೆ ನಾಲ್ಕು ದಿನ ಹಾಯೆನಿಸುತ್ತದೆ. ಆದರೆ ಗ್ಯಾಸ್ಟ್ರಿಕ್ ಎಂಬುದು ಯಾವ ರೋಗದ ಹೆಸರೂ ಅಲ್ಲ. ಅದರ ಹಿಂದೆ ಅನ್ನನಾಳದ ಉರಿಯೂತವಿರಬಹುದು, ಜಠರದಲ್ಲಿ ಅಥವಾ ಸಣ್ಣಕರುಳಿನ ಮೊದಲ ಭಾಗದಲ್ಲಿ ಹುಣ್ಣಿರಬಹುದು, ಕೆಲವೊಮ್ಮೆ ಕ್ಯಾನ್ಸರ್ ಕೂಡ ಇರಬಹುದು. ಆಮ್ಲ ತಗ್ಗಿಸುವ ಮಾತ್ರೆಯು ಕ್ಯಾನ್ಸರಿನ ತೊಂದರೆಯನ್ನೂ ಕೆಲಕಾಲ ಮರೆಮಾಚಬಲ್ಲದು. ಅಪಾಯವಿರುವುದು ಇಲ್ಲಿಯೇ.

ಹಾಗಾದರೆ ಒಳಗೇನಿದೆ ಎಂದು ತಿಳಿಯುವುದು ಹೇಗೆ? ಕಣ್ಣಾರೆ ನೋಡುವುದೇ ಉತ್ತಮ ಮಾರ್ಗ. 1868ರಲ್ಲಿ ಜರ್ಮನಿಯ ವೈದ್ಯ ಕುಸ್‌ಮೌಲ್ ಕತ್ತಿ ನುಂಗುವ ಕಲಾವಿದನೊಬ್ಬನ ಗಂಟಲಿಗೆ ನೇರವಾದ ಕೊಳವೆ ಇಳಿಸಿ ಜಠರ ನೋಡಲು ಯತ್ನಿಸಿದರು. 1957ರಲ್ಲಿ ಅಮೆರಿಕದಲ್ಲಿ ಡಾ. ಬೇಸಿಲ್ ಹಿರ್ಷೋವಿಟ್ಜ್ ಗಾಜಿನ ಎಳೆಗಳಿಂದಾದ, ಬಾಗುವ ಎಂಡೋಸ್ಕೋಪನ್ನು ಮೊದಲು ತಮ್ಮ ಗಂಟಲಿಗೇ ಇಳಿಸಿ ಪರೀಕ್ಷಿಸಿದರು. ಇಂದಿನ ಉಪಕರಣವು ಸುಮಾರು ಕಿರುಬೆರಳಿನಷ್ಟು ದಪ್ಪದ ಮೃದುವಾದ ಕೊಳವೆ. ತುದಿಯಲ್ಲಿ ಬೆಳಕು ಮತ್ತು ಪುಟ್ಟ ಕ್ಯಾಮೆರಾ ಇದ್ದು, ಒಳಗಿನ ದೃಶ್ಯ ಟಿ.ವಿ. ಪರದೆಯ ಮೇಲೆ ಮೂಡುತ್ತದೆ.

ಪರೀಕ್ಷೆಗೆ ಮುನ್ನ ಕನಿಷ್ಠ 6 ಗಂಟೆ ಆಹಾರ ಸೇವಿಸಬಾರದು. ಕಟ್ಟಿಸಿದ ಹಲ್ಲುಗಳಿದ್ದರೆ ತೆಗೆದಿಡಬೇಕು. ಮಧುಮೇಹ, ಹೃದ್ರೋಗ ಅಥವಾ ಔಷಧಿಯ ಅಲರ್ಜಿ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಗಂಟಲಿಗೆ ಮರವು ಬರಿಸುವ ಔಷಧಿ ಸಿಂಪಡಿಸಿ ಕೊಳವೆಯನ್ನು ಇಳಿಸುತ್ತಾರೆ. ಓಕರಿಕೆ ಬಂದಂತಾಗುವುದು ಸಹಜ. ಆದರೆ ಉಸಿರಾಟದ ದಾರಿಯೇ ಬೇರೆಯಾದ್ದರಿಂದ ಉಸಿರು ಕಟ್ಟುವುದಿಲ್ಲ. ಹೆಚ್ಚಾಗಿ 10 ನಿಮಿಷದೊಳಗೆ ಪರೀಕ್ಷೆ ಮುಗಿಯುತ್ತದೆ. ಗಂಟಲಿನ ಮರವು ಇಳಿಯುವವರೆಗೆ ಏನನ್ನೂ ಕುಡಿಯಬೇಡಿ. ಮಂಪರಿನ ಚುಚ್ಚುಮದ್ದು ಪಡೆದವರು ಅಂದು ವಾಹನ ನಡೆಸಬಾರದು. ರಕ್ತಸ್ರಾವ, ಕೊಳವೆ ತಗುಲಿ ರಂಧ್ರವಾಗುವುದು ಮುಂತಾದ ತೊಡಕುಗಳು ತೀರಾ ವಿರಳ.

ಸಂಶಯ ಬಂದ ಜಾಗದಿಂದ ಅಕ್ಕಿಕಾಳಿಗಿಂತ ಚಿಕ್ಕದಾದ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಇದರಿಂದ ನೋವಾಗದು. ‘ಚೂರು ತೆಗೆದರೆಂದರೆ ಕ್ಯಾನ್ಸರೇ’ ಎಂಬ ಭಯವೂ ಬೇಡ. ಅನೇಕ ಹುಣ್ಣುಗಳಿಗೆ ಕಾರಣವಾದ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನೂ ಇದೇ ಚೂರಿನಲ್ಲಿ ಪತ್ತೆ ಹಚ್ಚಬಹುದು. ಈ ಜೀವಾಣುವಿನ ಪಾತ್ರವನ್ನು ತೋರಿಸಿಕೊಟ್ಟ ಆಸ್ಟ್ರೇಲಿಯದ ವಾರೆನ್ ಮತ್ತು ಮಾರ್ಷಲ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಖಾರ ಬಿಟ್ಟು ಹಾಲು ಕುಡಿದರೆ ಈ ಹುಣ್ಣು ಮಾಯದು. ಆ್ಯಂಟಿಬಯೋಟಿಕ್ ಔಷಧಿಗಳನ್ನು ವೈದ್ಯರು ಹೇಳಿದಷ್ಟು ದಿನ ಪೂರ್ತಿ ಸೇವಿಸಬೇಕು.

ಎಂಡೋಸ್ಕೋಪಿ ಕೇವಲ ಪರೀಕ್ಷೆಯಲ್ಲ, ಚಿಕಿತ್ಸೆಯೂ ಹೌದು. ರಕ್ತ ಸುರಿಯುತ್ತಿರುವ ಹುಣ್ಣಿಗೆ ಕೊಳವೆಯ ಮೂಲಕವೇ ಚುಚ್ಚುಮದ್ದು ನೀಡಿ, ಕ್ಲಿಪ್ ಹಾಕಿ ರಕ್ತ ನಿಲ್ಲಿಸಬಹುದು. ಯಕೃತ್ತಿನ ಕಾಯಿಲೆಯಿಂದ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿಗೆ ರಬ್ಬರ್ ಬಳೆ ತೊಡಿಸಬಹುದು. ಕಿರಿದಾದ ಅನ್ನನಾಳವನ್ನು ಹಿಗ್ಗಿಸಬಹುದು. ಮಕ್ಕಳು ನುಂಗಿದ ನಾಣ್ಯವನ್ನು ಹೊರತೆಗೆಯಬಹುದು. ಮಗು ಗುಂಡಿಯಾಕಾರದ ಬ್ಯಾಟರಿ ನುಂಗಿದ್ದರೆ ಮಾತ್ರ ಕಾಯುವಂತಿಲ್ಲ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಅದು ತೀವ್ರವಾಗಿ ಸುಡಬಲ್ಲದು.

ಹಾಗೆಂದು ಎದೆಯುರಿ ಬಂದವರೆಲ್ಲರೂ ಎಂಡೋಸ್ಕೋಪಿ ಮಾಡಿಸಿಕೊಳ್ಳಬೇಕಿಲ್ಲ. ಆದರೆ ಆಹಾರ ನುಂಗಲು ತಡೆ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ನಿಲ್ಲದ ವಾಂತಿ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಅಜೀರ್ಣ ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರನ್ನು ಕಾಣಿ. ರಕ್ತವಾಂತಿಯಾದರೆ ಅಥವಾ ಡಾಂಬರಿನಂತೆ ಕಪ್ಪಾದ, ಅಂಟಂಟಾದ ಮಲ ಹೋದರೆ ಕೂಡಲೇ ಆಸ್ಪತ್ರೆಗೆ ಧಾವಿಸಿ. ಬೆವರು, ಉಬ್ಬಸದೊಂದಿಗೆ ಎದೆ ಹಿಂಡಿದಂತಾದರೆ ಅದನ್ನು ಗ್ಯಾಸ್ಟ್ರಿಕ್ ಎಂದು ತಳ್ಳಿಹಾಕದೆ ಮೊದಲು ಹೃದಯದ ತಪಾಸಣೆ ಮಾಡಿಸಿ.

ಆರಂಭದಲ್ಲೇ ಪತ್ತೆಯಾದ ಜಠರದ ಕ್ಯಾನ್ಸರನ್ನು ಗುಣಪಡಿಸಲು ಸಾಧ್ಯ. ಕೆಲವನ್ನು ಎಂಡೋಸ್ಕೋಪಿನಿಂದಲೇ ತೆಗೆಯಬಹುದು. ಹತ್ತು ನಿಮಿಷದ ಓಕರಿಕೆಗೆ ಹೆದರಿ ಆ ಅವಕಾಶವನ್ನು ಕಳೆದುಕೊಳ್ಳಬೇಡಿ.