ವಾಟರ್ಲೂ: ದಿಬ್ಬ ಹತ್ತಿದ ಮಾತ್ರಕ್ಕೆ ಯುದ್ಧ ಕಾಣದು

ಬೆಲ್ಜಿಯಂ ರಾಜಧಾನಿ ಬ್ರಸೆಲ್ಸ್‌ನ ದಕ್ಷಿಣಕ್ಕೆ ಕೆಲವು ಕಿ.ಮೀ. ಸಾಗಿದರೆ ಹೊಲಗಳ ನಡುವೆ ಬೃಹತ್ ದಿಬ್ಬವೊಂದು ಎದುರಾಗುತ್ತದೆ. ಅದರ ನೆತ್ತಿಯಲ್ಲಿ ಕಬ್ಬಿಣದ ಸಿಂಹ. 1815ರ ಜೂನ್ 18ರಂದು ನೆಪೋಲಿಯನ್ ಅಂತಿಮ ಸೋಲುಂಡ ರಣಭೂಮಿ ಇದೇ. 226 ಮೆಟ್ಟಿಲು ಹತ್ತಿ, ಛಾಯಾಚಿತ್ರ ತೆಗೆದುಕೊಂಡು ಮರಳುವ ಪ್ರವಾಸಿಗರು ಬಹಳ. ಆದರೆ ಯುದ್ಧ ನಡೆದ ದಿನ ಆ ದಿಬ್ಬವೇ ಇರಲಿಲ್ಲ! ಮಾರ್ಗದರ್ಶಕರೊಂದಿಗೆ ನಡೆಯುವುದರ ಪ್ರಯೋಜನ ಅರಿವಾಗುವುದೇ ಇಲ್ಲಿ.

ಕಳೆದುಹೋದ ಏರು

ನೆದರ್ಲೆಂಡ್ಸ್‌ನ ದೊರೆ ಒಂದನೇ ವಿಲಿಯಂ, ತನ್ನ ಮಗ ಗಾಯಗೊಂಡ ಸ್ಥಳದ ನೆನಪಿಗಾಗಿ ಕಟ್ಟಿಸಿದ ಈ ದಿಬ್ಬ ಪೂರ್ಣಗೊಂಡದ್ದು 1826ರಲ್ಲಿ. ಎತ್ತರ ಸುಮಾರು 40 ಮೀಟರ್. ಇದಕ್ಕೆ ಬೇಕಾದ ಮಣ್ಣನ್ನು ಅಗೆದದ್ದು ರಣಭೂಮಿಯಿಂದಲೇ. ಬ್ರಿಟಿಷ್ ಸೇನಾನಿ ವೆಲಿಂಗ್ಟನ್ ಫಿರಂಗಿ ಗುಂಡುಗಳಿಂದ ರಕ್ಷಿಸಲು ತನ್ನ ಪಡೆಯ ಬಹುಭಾಗವನ್ನು ಏರುನೆಲದ ಹಿಂಬದಿಯಲ್ಲಿ ಮರೆಮಾಡಿದ್ದ. ಆ ಏರಿನ ಒಂದು ಭಾಗವೇ ಈಗಿಲ್ಲ. ವಿಜಯದ ಸ್ಮಾರಕವೇ ವಿಜಯದ ಗುಟ್ಟನ್ನು ಅಳಿಸಿದಂತಾಗಿದೆ. ಹಳೆಯ ನಕ್ಷೆ ಹಿಡಿದು ವಿವರಿಸುವವರು ಇಲ್ಲದಿದ್ದರೆ ಇದು ಹೊಸಬರಿಗೆ ಹೊಳೆಯುವುದು ಕಷ್ಟ.

ನೆಲದ ಮಹತ್ವವನ್ನು ವೆಲಿಂಗ್ಟನ್‌ಗೆ ಕಲಿಸಿದ ಸ್ಥಳಗಳಲ್ಲಿ ಶ್ರೀರಂಗಪಟ್ಟಣವೂ ಒಂದು. 1799ರಲ್ಲಿ, ಆರ್ಥರ್ ವೆಲ್ಲೆಸ್ಲಿಯಾಗಿ, ಟಿಪ್ಪು ಪಡೆಯ ವಿರುದ್ಧ ಸುಲ್ತಾನ್‌ಪೇಟೆ ತೋಪಿನ ಮೇಲೆ ರಾತ್ರಿ ದಾಳಿಗಿಳಿದು, ಕತ್ತಲಲ್ಲಿ ದಿಕ್ಕು ತಪ್ಪಿ ಹಿಮ್ಮೆಟ್ಟಿದ್ದ. ಹಗಲಿನಲ್ಲಿ ನೆಲವನ್ನು ಪರಿಶೀಲಿಸದೆ ಸಜ್ಜಾದ ಶತ್ರುವಿನ ಮೇಲೆ ಇರುಳಿನಲ್ಲಿ ಎರಗಬಾರದೆಂದು ಆಗಲೇ ನಿಶ್ಚಯಿಸಿದ.

ನೋಡುವುದು ಹೇಗೆ?

ಬಿಡುವು ಕಡಿಮೆಯಿದ್ದವರಿಗೆ ಒಂದು ದಿನ ಸಾಕು. 2015ರಲ್ಲಿ ತೆರೆದ ನೆಲದಡಿಯ ಸ್ಮಾರಕ ವಸ್ತುಸಂಗ್ರಹಾಲಯ, ಲೂಯಿ ದ್ಯುಮೂಲಾನ್ 1912ರಲ್ಲಿ ರಚಿಸಿದ 110 ಮೀಟರ್ ಉದ್ದದ ವೃತ್ತಾಕಾರದ ವರ್ಣಚಿತ್ರ, ಬಳಿಕ ಹೂಗೂಮಾಂ ತೋಟದ ಮನೆ, ಇದು ಅನುಕೂಲಕರ ಕ್ರಮ. ದಿನವಿಡೀ ಕಾದಾಟ ನಡೆದ ಹೂಗೂಮಾಂನಲ್ಲಿ ಗೋಡೆ, ಹೆಬ್ಬಾಗಿಲುಗಳನ್ನು ಕಂಡಾಗ, ಇಷ್ಟು ಚಿಕ್ಕ ಆವರಣಕ್ಕಾಗಿ ಅಷ್ಟೊಂದು ಜನ ಸತ್ತರೇ ಎಂದು ಅಚ್ಚರಿಯಾಗುತ್ತದೆ.

ಎರಡು-ಮೂರು ದಿನಗಳ ಪ್ರವಾಸವಾದರೆ ಲಿನ್ಯಿಯಿಂದ ಆರಂಭಿಸುವುದು ಲೇಸು. ಜೂನ್ 16ರಂದು ನೆಪೋಲಿಯನ್ ಅಲ್ಲಿ ಪ್ರಷ್ಯನ್ನರನ್ನು ಸೋಲಿಸಿದ್ದ. ಆದರೆ ಅವರು ಚದುರಿಹೋಗಲಿಲ್ಲ. ಎರಡು ದಿನಗಳ ಬಳಿಕ ಬ್ಲೂಷರ್ ನೇತೃತ್ವದಲ್ಲಿ ವಾಟರ್ಲೂಗೆ ಬಂದು ಫಲಿತಾಂಶ ನಿರ್ಧರಿಸಿದರು. ಬ್ರಿಟಿಷರ ಗೆಲುವೆಂದಷ್ಟೇ ಓದಿದವರಿಗೆ ಪ್ಲಾನ್ಸ್‌ನ್ವಾ ಗ್ರಾಮದ ಪ್ರಷ್ಯನ್ ಸ್ಮಾರಕ ಬೇರೆಯೇ ಕಥೆ ಹೇಳುತ್ತದೆ. ಹೊಲದ ಹಾದಿಗಳಲ್ಲಿ ನಡೆಯಲು ಗಟ್ಟಿ ಪಾದರಕ್ಷೆ ಅಗತ್ಯ. ಯುದ್ಧದ ಮುನ್ನಾದಿನ ಸುರಿದ ಮಳೆಯಿಂದ ಫ್ರೆಂಚರ ದಾಳಿ ತಡವಾದುದೇಕೆಂದು ಅಲ್ಲಿನ ಕೆಸರೇ ತಿಳಿಸುತ್ತದೆ.

ಸತ್ತವರು ಎಲ್ಲಿ?

ಆ ಒಂದೇ ದಿನ ಸತ್ತವರು, ಗಾಯಗೊಂಡವರು ಸೇರಿ 40 ಸಾವಿರಕ್ಕೂ ಅಧಿಕ. ಆದರೆ ಉತ್ಖನನಗಳಲ್ಲಿ ದೊರೆತ ಪೂರ್ಣ ಅಸ್ಥಿಪಂಜರಗಳು ಬೆರಳೆಣಿಕೆಯಷ್ಟು. ಒಂದು 2012ರಲ್ಲಿ, ಮತ್ತೊಂದು 2022ರಲ್ಲಿ ಪತ್ತೆಯಾದವು. ಸಾಮೂಹಿಕ ಗೋರಿಗಳ ಮೂಳೆಗಳನ್ನು 19ನೇ ಶತಮಾನದಲ್ಲಿ ಅಗೆದು ಸಕ್ಕರೆ ಶುದ್ಧೀಕರಣಕ್ಕೂ ಗೊಬ್ಬರಕ್ಕೂ ಬಳಸಿರಬಹುದೆಂಬುದು ಕೆಲವು ಇತಿಹಾಸಕಾರರ ವಾದ.

ದೊರೆಯ ಮಗನ ಗಾಯಕ್ಕೆ ಗುಡ್ಡದಷ್ಟು ಸ್ಮಾರಕ; ಸಾವಿರಾರು ಸಿಪಾಯಿಗಳಿಗೆ ಗುರುತಿನ ಕಲ್ಲೂ ಇಲ್ಲ. ವಾಟರ್ಲೂಗೆ ಹೋದವರು ದಿಬ್ಬವನ್ನು ಹತ್ತಲಿ. ಇಳಿದ ಮೇಲೆ ಹೊಲದ ಹಾದಿಯಲ್ಲೂ ಒಂದಷ್ಟು ದೂರ ನಡೆಯಲಿ.