ನೆಲ ನಡುಗಿದರೆ ಓಡಬೇಕೋ, ಕೂತಿರಬೇಕೋ?



ಈಚೆಗೆ ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಒಬ್ಬ ಹಿರಿಯ ತಾಯಿ ಕರೆ ಮಾಡಿದ್ದರು. ಊರಿನಿಂದ ಮಗನ ಮನೆಗೆ ಬಂದವರು, ಇರುವುದು ಏಳನೇ ಮಹಡಿಯಲ್ಲಿ. "ಏನಪ್ಪಾ, ಭೂಕಂಪ ಆದ್ರೆ ಓಡಬೇಕೋ, ಕೂತಿರಬೇಕೋ?" ಎಂದು ಕೇಳಿದರು. ಹಾಡು ಹಾಕುವ ಹೊತ್ತಾಗಿತ್ತು, ಚುಟುಕಾಗಿ ಏನೋ ಹೇಳಿ ಮುಗಿಸಿದೆ. ಆಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಪೂರ್ತಿ ಉತ್ತರ ಇಲ್ಲಿದೆ.

ಭೂಕಂಪ ತರುವ ಅಪಾಯ ಒಂದೇ ಬಗೆಯದಲ್ಲ. ಯಾವ ಅಪಾಯ ಎಂದು ತಿಳಿದರೆ ಏನು ಮಾಡಬೇಕೆಂಬುದೂ ತಿಳಿಯುತ್ತದೆ.

ಕಟ್ಟಡ ಕುಸಿತ: ಹೆಚ್ಚು ಜೀವ ತೆಗೆಯುವುದು ಇದೇ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರ್ ಜಿಲ್ಲೆಯ ಕಿಲ್ಲಾರಿ ಭಾಗದಲ್ಲಿ ಕಲ್ಲು-ಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆಯೇ ಬಿದ್ದವು. ಹತ್ತಿರ ಹತ್ತಿರ 10,000 ಜನ ಸತ್ತರು. 2001ರ ಗಣರಾಜ್ಯ ದಿನ ಕಛ್ ನಡುಗಿದಾಗ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಉರುಳಿದವು. ಅವುಗಳಲ್ಲಿ ಹಲವಕ್ಕೆ ನೆಲಮಹಡಿಯಲ್ಲಿ ಗೋಡೆಗಳಿರಲಿಲ್ಲ, ಪಾರ್ಕಿಂಗಿಗೆಂದು ಬರೀ ಕಂಬಗಳಿದ್ದವು. ಮನೆ ಕೊಳ್ಳುವಾಗ ಟೈಲ್ಸ್ ನೋಡುವ ನಾವು, ಕಟ್ಟಡ ಭೂಕಂಪ ತಾಳುವಂತೆ ವಿನ್ಯಾಸಗೊಂಡಿದೆಯೇ ಎಂದೂ ಕೇಳಬೇಕು.

ನೆಲ ಕೆಸರಾಗುವುದು: ನೀರು ತುಂಬಿದ ಸಡಿಲ ಮರಳು ಜೋರಾಗಿ ಅಲುಗಿದರೆ ಗಟ್ಟಿತನ ಕಳೆದುಕೊಂಡು ಅಂಬಲಿಯಂತಾಗುತ್ತದೆ. ಇದಕ್ಕೆ ದ್ರವೀಕರಣ ಎನ್ನುತ್ತಾರೆ. 2001ರಲ್ಲಿ ಕಾಂಡ್ಲಾ ಬಂದರಿನ ಗೋಪುರ ಕಟ್ಟಡ ಹೀಗೆಯೇ ವಾಲಿತು. ದೆಹಲಿಯ ಯಮುನಾ ದಡದ ಮರಳು ನೆಲಕ್ಕೂ ಈ ಭಯವಿದೆ.

ಗುಡ್ಡ ಜಾರುವುದು: 2015ರ ಏಪ್ರಿಲ್ 25ರಂದು ನೇಪಾಳದ ಕಂಪನ ದೆಹಲಿಯಲ್ಲೂ ಫ್ಯಾನು ತೂಗಿಸಿತು. ಅಲ್ಲಿನ ಲಾಂಗ್ಟಾಂಗ್ ಹಳ್ಳಿಯಂತೂ ಮೇಲಿಂದ ಜಾರಿದ ಹಿಮ-ಬಂಡೆಗಳಡಿ ಹೂತೇ ಹೋಯಿತು.

ಬೆಂಕಿ: 1923ರಲ್ಲಿ ಟೋಕಿಯೋ ಸುತ್ತಮುತ್ತ ಭೂಕಂಪವಾದಾಗ ಮಧ್ಯಾಹ್ನದ ಅಡುಗೆಯ ಹೊತ್ತು. ಒಲೆಗಳ ಬೆಂಕಿ ಮರದ ಮನೆಗಳಿಗೆ ಹಬ್ಬಿತು. ಸತ್ತ ಒಂದು ಲಕ್ಷಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಬೆಂಕಿಗೆ ಬಲಿಯಾದವರು.

ಸುನಾಮಿ: 2004ರ ಡಿಸೆಂಬರ್ 26, ಭಾನುವಾರ. ಸುಮಾತ್ರಾ ಬಳಿ ಕಡಲತಳ ಮೇಲೆದ್ದು ಎರಡು ಗಂಟೆ ಕಳೆದ ಮೇಲೆ ಚೆನ್ನೈನ ಮರೀನಾಕ್ಕೆ ಅಲೆ ಅಪ್ಪಳಿಸಿತು. ಅಷ್ಟು ಸಮಯವಿದ್ದರೂ ಎಚ್ಚರಿಸುವ ವ್ಯವಸ್ಥೆ ಇರಲಿಲ್ಲ. 2007ರಿಂದ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವಿದೆ.

ತಾಯಿ, ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಏಳನೇ ಮಹಡಿಯಿಂದ ಓಡಬೇಡಿ. ಮೆಟ್ಟಿಲು, ಲಿಫ್ಟು ಎರಡೂ ಆ ಹೊತ್ತಿಗೆ ಅಪಾಯ. ಗಟ್ಟಿ ಮೇಜಿನಡಿ ಕೂತು ತಲೆ ಕಾಪಾಡಿಕೊಳ್ಳಿ, ಮೇಜಿನ ಕಾಲು ಹಿಡಿದುಕೊಳ್ಳಿ. ಮಲಗಿದ್ದರೆ ಹಾಸಿಗೆಯಲ್ಲೇ ಇದ್ದು ದಿಂಬಿನಿಂದ ತಲೆ ಮುಚ್ಚಿಕೊಳ್ಳಿ. ಕಿಟಕಿ, ಕಪಾಟುಗಳಿಂದ ದೂರವಿರಿ. ನಡುಕ ನಿಂತ ಮೇಲೆ ಗ್ಯಾಸ್ ಆರಿಸಿ, ಚಪ್ಪಲಿ ಮೆಟ್ಟಿ, ಮೆಟ್ಟಿಲಿಳಿದು ಬಯಲಿಗೆ ಬನ್ನಿ. ಮರುಕಂಪನಗಳು ಬರಬಹುದು, ಬಿರುಕುಬಿಟ್ಟ ಕಟ್ಟಡದೊಳಗೆ ಹಿಂದಿರುಗಬೇಡಿ.

ಓಡಲೇಬೇಕಾದ ಜಾಗ ಸಮುದ್ರ ತೀರ. ಅಲ್ಲಿ ನೆಲ ಬಹಳ ಹೊತ್ತು ನಡುಗಿದರೆ, ಅಥವಾ ನೀರು ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಯಾರ ಮಾತಿಗೂ ಕಾಯದೆ ಎತ್ತರದ ಜಾಗಕ್ಕೆ ಹೋಗಿ.

ಇವತ್ತು ಊಟದ ಹೊತ್ತಿಗೆ ಮನೆಮಂದಿಯೆಲ್ಲ ಸೇರಿ, ಯಾರು ಯಾವ ಮೇಜಿನಡಿ ಎಂದು ಒಮ್ಮೆ ಮಾತಾಡಿಕೊಳ್ಳಿ. ಮತ್ತೆ ಬಾನುಲಿಯಲ್ಲಿ ಸಿಗೋಣ.