ಪೆಟ್ರೋಲ್ ವಾಸನೆ ಎಲ್ಲಿಂದ ಬರ್ತಿದೆ?

ಕರ್ಕ್‌ಲ್ಯಾಂಡ್‌ನಲ್ಲಿ ಅಕ್ಟೋಬರ್ ಬಂತು ಅಂದ್ರೆ ಜಿಟಿಜಿಟಿ ಮಳೆ. ಹಳೇ ಕಾರುಗಳು ಗ್ಯಾರೇಜ್ ಸೇರುತ್ತವೆ. ವಸಂತದಲ್ಲಿ ಬಾಗಿಲು ತೆಗೆದರೆ ಪೆಟ್ರೋಲ್ ವಾಸನೆ! ಲೈಟ್ ಸ್ವಿಚ್ ಮುಟ್ಟಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರ, ನೆಲಕ್ಕೇ ಅಂಟಿ ಹರಡುತ್ತೆ. ಗಾಳಿಯಲ್ಲಿ ಶೇ. 1.4ರಷ್ಟಿದ್ದರೂ ಹೊತ್ತಿಕೊಳ್ಳುತ್ತೆ, ಮೂಲೆಯ ಗ್ಯಾಸ್ ಹೀಟರ್‌ನ ಪುಟ್ಟ ಜ್ವಾಲೆಯೇ ಸಾಕು. ಮೊದಲು ಗಾಳಿಯಾಡಲಿ.

ಇನ್ನು ಪತ್ತೇದಾರಿ. 1965ರ ಫೋರ್ಡ್ ಮಸ್ಟಾಂಗ್ ತಗೊಳ್ಳಿ. ಸುಮಾರು 60 ಲೀಟರ್ ಟ್ಯಾಂಕು, ಅದರ ಮೇಲ್ಭಾಗವೇ ಡಿಕ್ಕಿಯ ನೆಲ (ಯಾರ ಐಡಿಯಾನೋ!). ವಾಸನೆ ಡಿಕ್ಕಿಯೊಳಗೇ ಜಾಸ್ತಿ ಇದ್ದರೆ, ಪೆಟ್ರೋಲ್ ತುಂಬುವ ಕೊಳವೆಯ ರಬ್ಬರ್ ಹೋಸ್ ಮೇಲೆ ಅನುಮಾನ. ಟ್ಯಾಂಕ್ ತುಂಬಿದಾಗ ಮಾತ್ರ ಒಸರಿದರೆ ತೂತು ಮೇಲಿದೆ. ಕಾಲುಭಾಗ ಇದ್ದಾಗಲೂ ತೊಟ್ಟಿಕ್ಕಿದರೆ ಕೆಳಗಿದೆ. ಹನಿ ಬೀಳುವ ಜಾಗವನ್ನು ಮಾತ್ರ ನಂಬಬೇಡಿ, ಪೆಟ್ರೋಲ್ ತಗಡಿನ ಮೇಲೆ ಹರಿದು ಇನ್ನೆಲ್ಲೋ ಉದುರುತ್ತೆ. ಒರೆಸಿ, ಟಾಲ್ಕಂ ಪೌಡರ್ ಉದುರಿಸಿ. ಮೊದಲು ಒದ್ದೆಯಾದ ಜಾಗವೇ ಕಳ್ಳ.

ತಳ ತೂತಾಗೋದು ಯಾಕೆ? ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇ. 10ರವರೆಗೆ ಎಥನಾಲ್ ಇರುತ್ತೆ; ಊರಲ್ಲಿ ಈಗ ಶೇ. 20. ಎಥನಾಲ್ ತೇವ ಹೀರುತ್ತೆ. ಮಿತಿ ಮೀರಿದರೆ ನೀರನ್ನೂ ಜೊತೆಗೆಳೆದುಕೊಂಡು ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತೆ. ತಿಂಗಳುಗಟ್ಟಲೆ ನಿಂತ ಕಾರಿಗೆ ಒಳಗಿಂದಲೇ ತುಕ್ಕು.

ಹೋಸು, ಗ್ಯಾಸ್ಕೆಟ್ ಹೋಗಿದ್ದರೆ ಹೊಸದು ಹಾಕಿದರಾಯ್ತು. ತುಕ್ಕಿನ ತೂತಿಗೆ ಮನೇಲೇ ವೆಲ್ಡಿಂಗ್ ಬೇಡವೇ ಬೇಡ: ತುಂಬಿದ ಟ್ಯಾಂಕಿಗಿಂತ ಖಾಲಿಯದ್ದೇ ಅಪಾಯ, ಒಳಗೆ ಆವಿಯೂ ಗಾಳಿಯೂ ಬೆರೆತಿರುತ್ತೆ. ಮಸ್ಟಾಂಗಿಗಾದರೆ ಹೊಸ ಟ್ಯಾಂಕೇ ಸಿಗುತ್ತೆ. ಕೂರಿಸಿ, ತುಂಬಿಸಿ, ಒಂದು ರಾತ್ರಿ ಹೊರಗೇ ನಿಲ್ಲಿಸಿ ನೋಡಿ.